650 ಜಿಎಸ್ಎಂ ಬಟ್ಟೆ ಎಂದು ಬಿಲ್ ಮಾಡಿ 410ರದ್ದು ಕೊಟ್ಟ ದೋಣಿ ಮಾಡಿನ ಬಗ್ಗೆ ದೂರು

ಇಂದ: ದೋಣಿ ಮಾಲೀಕ, ಹೊನ್ನಾವರ
ಗೆ: ವ್ಯವಸ್ಥಾಪಕರು, ಟಾರ್ಪಾಲ್ ವಿಭಾಗ
ದಿನಾಂಕ: ಜುಲೈ 12

ವಿಷಯ: ದೋಣಿಯ ಹಿಂಬದಿಗೆ ಹಾಕಿಸಿದ ಮಾಡು (ಟಾರ್ಪಾಲಿನ ಚಾವಣಿ) ಒಂದು ಮಳೆಗಾಲವೂ ತಡೆಯದಿರುವುದು

ಮಾನ್ಯರೇ,

ಮೇ ತಿಂಗಳಲ್ಲಿ ನಿಮ್ಮಲ್ಲಿ 8 ಅಡಿ ಉದ್ದ, 6 ಅಡಿ ಅಗಲದ ಮಾಡು ಮಾಡಿಸಿದ್ದೆ. ಪೈಪು, ಮೂರು ಕಡೆಯ ಪರದೆ, ಕೂಲಿ ಎಲ್ಲಾ ಸೇರಿ 21,000 ರೂಪಾಯಿ. ಪೂರ್ತಿ ದುಡ್ಡು ಕೊಟ್ಟಾಗಿದೆ. ಬಿಲ್ಲಿನ ಪ್ರತಿ ಇದರ ಜೊತೆಗಿದೆ.

ಶರಾವತಿ ಅಳಿವೆಯ ಹತ್ತಿರ ನನ್ನ ದೋಣಿ ಕಟ್ಟಿರುತ್ತದೆ. ಎಂಜಿನ್, ಬ್ಯಾಟರಿ ಪೆಟ್ಟಿಗೆ, ನಾನು ಕೂರುವ ಜಾಗ ಎಲ್ಲವೂ ಹಿಂಬದಿಯಲ್ಲೇ. ಜೂನ್ ಬಂತೆಂದರೆ ಅಲ್ಲಿ ಪಡುವಣ ಗಾಳಿ ಹೇಗಿರುತ್ತದೆ ಎಂದು ಆರ್ಡರ್ ಕೊಡುವಾಗಲೇ ಹೇಳಿದ್ದೆ. "650 ಜಿಎಸ್ಎಂ ಬಟ್ಟೆ ಹಾಕ್ತೇವೆ, ಐದು ವರ್ಷ ನೋಡೋದೇ ಬೇಡ" ಎಂದಿದ್ದಿರಿ. ಐದು ವಾರಕ್ಕೇ ನೋಡುವ ಹಾಗಾಯಿತು.

ಮೊದಲ ಜೋರು ಮಳೆಗೇ ನೀರು ಮಾಡಿನ ಮೇಲೆ ನಿಂತಿತು. ಬೆಳಿಗ್ಗೆ ಹೋಗಿ ನೋಡಿದರೆ ಹಸುವಿನ ಹೊಟ್ಟೆಯ ಹಾಗೆ ಕೆಳಗೆ ಜೋತು ಬಿದ್ದಿತ್ತು. ಬಕೆಟಿನಲ್ಲಿ ತೋಡಿ ಹಾಕಿದೆ, ನಾಲ್ಕು ತುಂಬಿತು. ಬಕೆಟಿಗೆ 15 ಲೀಟರ್ ಎಂದರೂ 60 ಕಿಲೋ ಆಯಿತು. ಸುಮ್ನೆ ಒಬ್ಬ ಮನುಷ್ಯನನ್ನು ಮಾಡಿನ ಮೇಲೆ ಮಲಗಿಸಿದ ಹಾಗೆ! ಕಾರಣ ಇಷ್ಟೇ. ನೀವೇ ಬರೆದ ಚಿತ್ರದಲ್ಲಿ ಪೈಪಿನ ಮೂರು ಕಮಾನುಗಳಲ್ಲಿ ಮಧ್ಯದ್ದು ಉಳಿದೆರಡಕ್ಕಿಂತ 9 ಇಂಚು ಎತ್ತರ ಇದೆ. ಬಂದದ್ದರಲ್ಲಿ ಮೂರೂ ಕಮಾನು ಒಂದೇ ಮಟ್ಟ. ಇಳಿಜಾರೇ ಇಲ್ಲದಿದ್ದರೆ ನೀರು ಎಲ್ಲಿಗೆ ಹೋಗಬೇಕು?

ಆಮೇಲೆ ಹೊಲಿಗೆ ಬಿಟ್ಟಿತು. ನೀರು ನೇರ ಬ್ಯಾಟರಿ ಪೆಟ್ಟಿಗೆಗೆ. ಬ್ಯಾಟರಿ ಹಳೆಯದೇ ಆಗಿತ್ತು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ನನಗೆ ಅನುಮಾನ ಬಂದದ್ದು ಬಟ್ಟೆ ಮೇಲೆ. ಕೂರಿಸಲು ಬಂದ ನಿಮ್ಮ ಹುಡುಗ ಜಾಸ್ತಿಯಾದ ಅಂಚನ್ನು ಕತ್ತರಿಸಿ ದೋಣಿಯಲ್ಲೇ ಬಿಟ್ಟು ಹೋಗಿದ್ದ. ಅದರಿಂದ 10 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ತುಂಡು ಅಳೆದು ಕತ್ತರಿಸಿ, ಪೇಟೆಯ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಜಿಎಸ್ಎಂ ಎಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ ತಾನೇ. ಈ ತುಂಡು ಚದರ ಮೀಟರಿನ ನೂರನೇ ಒಂದು ಪಾಲು. 6.5 ಗ್ರಾಂ ತೂಗಬೇಕಿತ್ತು. ತೂಗಿದ್ದು 4.1. ಅಂಗಡಿಯವರು ಎರಡು ಸಲ ತೂಗಿ ಕೊಟ್ಟರು. ಚೀಟಿ ಇಟ್ಟಿದ್ದೇನೆ.

ಬಟ್ಟೆಯ ಅಂಚಿನ ತೂತುಗಳಿಗೆ ಹಾಕುವುದು ಬಿಲ್ಲಿನಲ್ಲಿ "ಹಿತ್ತಾಳೆ ರಿಂಗು" ಎಂದಿದೆ. ಅಯಸ್ಕಾಂತ ಹಿಡಿದರೆ ಟಪ್ ಎಂದು ಅಂಟುತ್ತದೆ. ಹಿತ್ತಾಳೆಗೆ ಅಂಟುವುದಿಲ್ಲ ಅಲ್ವಾ? ಈಗಾಗಲೇ ಒಂದೊಂದು ರಿಂಗಿನ ಕೆಳಗೂ ತುಕ್ಕಿನ ಗೆರೆ ಇಳಿದಿದೆ.

ಫೋನ್ ಮಾಡಿದಾಗ ನಿಮ್ಮವರು, ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆ ಎಳೆದಿಡಬೇಕಿತ್ತು ಎಂದರು. ಎಳೆದು ಕೊಟ್ಟಿಗೆಯೊಳಗೆ ಇಡುವುದಾದರೆ ನನಗೆ ಮಾಡು ಯಾಕೆ ಬೇಕಿತ್ತು?

ನಾನು ಕೇಳುವುದು ಇಷ್ಟು. ಮಧ್ಯದ ಕಮಾನನ್ನು ಚಿತ್ರದಲ್ಲಿದ್ದಂತೆ ಎತ್ತರಿಸಿ, ನಿಜವಾದ 650ರ ಬಟ್ಟೆ ಮತ್ತು ಹಿತ್ತಾಳೆ ರಿಂಗು ಹಾಕಿ ಹೊಸದಾಗಿ ಮಾಡಿಕೊಡಿ. ಬಟ್ಟೆ ಕೂರಿಸುವ ಮೊದಲು ನನ್ನೆದುರೇ ಒಂದು ತುಂಡು ತೂಗಬೇಕು. ಇದು ಆಗದಿದ್ದರೆ 21,000 ವಾಪಸ್ ಕೊಟ್ಟು ನಿಮ್ಮ ಸಾಮಾನು ಒಯ್ಯಿರಿ. ಹದಿನೈದು ದಿನ ಕಾಯುತ್ತೇನೆ. ಆಮೇಲೆ ಕಾರವಾರದ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ವ್ಯಾಪಾರಕ್ಕೆ ಕೊಂಡದ್ದು, ಗ್ರಾಹಕರ ಕಾಯ್ದೆ ಬರುವುದಿಲ್ಲ ಎಂದೂ ನಿಮ್ಮವರು ಹೇಳಿದರು. ಹೊಟ್ಟೆಪಾಡಿಗೆ ನಾನೇ ಓಡಿಸುವ ಒಂದೇ ದೋಣಿ ಇದು. ಸ್ವಂತ ದುಡಿಮೆಗೆಂದು ಕೊಂಡವರನ್ನು 2019ರ ಕಾಯ್ದೆ ಹೊರಗಿಟ್ಟಿಲ್ಲ.

ಅಂಚಿನ ಇನ್ನೊಂದು ತುಂಡನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ನೀವೂ ತೂಗಿ ನೋಡಿ.

ಇಂತಿ,
ದೋಣಿ ಮಾಲೀಕ