ಧರ್ಮಪಾಠದ ತರಗತಿಯಲ್ಲೂ ಎಲ್ಲ ಮಕ್ಕಳಿಗೆ ಜಾಗವಿರಲಿ

ಮಾನ್ಯ ಸಂಪಾದಕರೇ,

ಕಲಿಕೆಯಲ್ಲಿ ತೊಡಕಿರುವ ಮಕ್ಕಳ ವಿಚಾರ ಬಂದಾಗಲೆಲ್ಲ ನಾವು ಶಾಲೆಯ ಕಡೆಗಷ್ಟೇ ಬೆರಳು ತೋರಿಸುತ್ತೇವೆ. ಕೊಡಗಿನ ಮಕ್ಕಳು ಶಾಲೆಯ ಹೊರಗೂ ಕಲಿಯುತ್ತಾರೆ. ಶಾಲೆಗೆ ಮುಂಚೆ ಮದರಸಾ, ಭಾನುವಾರ ಚರ್ಚಿನಲ್ಲಿ ಧರ್ಮೋಪದೇಶ, ಬೇಸಿಗೆ ರಜೆಯಲ್ಲಿ ಶ್ಲೋಕ ಮತ್ತು ಭಜನೆಯ ಶಿಬಿರ, ಹಿರಿಯರ ಜತೆ ಕೂತು ಕೊಡವರ ಜನಪದ ಹಾಡು ಬಾಳೋಪಾಟ್. ಓದು ಬರಹ ತೊಡಕಾಗುವ ಡಿಸ್ಲೆಕ್ಸಿಯಾ, ಗಮನ ನಿಲ್ಲದ ಎಡಿಎಚ್‌ಡಿ, ಮಾತು ಮತ್ತು ಒಡನಾಟ ಕಷ್ಟವಾಗುವ ಆಟಿಸಂ ಇರುವ ಮಗು ಈ ಜಾಗಗಳಿಂದ ಸದ್ದಿಲ್ಲದೆ ಜಾರಿಕೊಳ್ಳುತ್ತದೆ. ಶಾಲೆ ಬಿಟ್ಟರೆ ಮೇಷ್ಟ್ರು ಮನೆಗೆ ಬಂದು ವಿಚಾರಿಸುತ್ತಾರೆ. ಧರ್ಮಪಾಠ ಬಿಟ್ಟ ಮಗುವನ್ನು ಕೇಳುವವರಿಲ್ಲ. ಆಮೇಲೆ ಹಬ್ಬದ ದಿನ ಉಳಿದ ಮಕ್ಕಳೆಲ್ಲ ವೇದಿಕೆ ಹತ್ತಿದಾಗ ಈ ಮಗು ಮಾತ್ರ ಕೆಳಗೆ ಕೂತಿರುತ್ತದೆ.

ಕಾನೂನಿನ ಆಸರೆಯೂ ಇಲ್ಲಿ ಕಡಿಮೆ. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿಯು ಮದರಸಾ, ವೇದಪಾಠಶಾಲೆ ಮತ್ತು ಮುಖ್ಯವಾಗಿ ಧರ್ಮಬೋಧನೆ ಮಾಡುವ ಸಂಸ್ಥೆಗಳನ್ನು ಅದರಿಂದ ಹೊರಗಿಟ್ಟಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ತಾನು ಗುರುತಿಸಿದ 21 ಬಗೆಗಳಲ್ಲಿ ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಆಟಿಸಂ ಅನ್ನೂ ಸೇರಿಸಿಕೊಂಡಿದೆ ನಿಜ. ಆದರೆ ಎಲ್ಲ ಮಕ್ಕಳಿಗೂ ಒಟ್ಟಿಗೆ ಕಲಿಸಬೇಕೆನ್ನುವ ಅದರ ಸಮನ್ವಯ ಶಿಕ್ಷಣದ ಕಲಂ ಇರುವುದು ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಸಂಸ್ಥೆಗಳಿಗಾಗಿ. ಹಾಗಾಗಿ ಈ ಕೆಲಸ ಮಸೀದಿಯ ಜಮಾಅತ್, ಚರ್ಚು, ದೇವಸ್ಥಾನ ಸಮಿತಿಗಳ ಹೆಗಲಿಗೇ ಬರುತ್ತದೆ. ಯಾರೂ ಆದೇಶ ಕಳಿಸುವುದಿಲ್ಲ, ನಾವೇ ಮಾಡಬೇಕು.

ಇದನ್ನು ಮಾಡಿ ತೋರಿಸಿದವರಲ್ಲಿ ಯೆಹೂದ್ಯರ ಧರ್ಮಶಾಲೆಗಳು ಮುಖ್ಯ. ಅವರ ಕಷ್ಟ ನಮ್ಮದಕ್ಕಿಂತ ದೊಡ್ಡದಿತ್ತು. ಹುಡುಗನಿಗೆ 13 ತುಂಬಿದಾಗ, ಹುಡುಗಿಗೆ 12ಕ್ಕೆ, ಕೆಲವು ಪಂಗಡಗಳಲ್ಲಿ 13ಕ್ಕೆ, ಮಗು ಧರ್ಮದ ಹೊಣೆ ಹೊರುವ ವಯಸ್ಸಿಗೆ ಬಂತೆಂದು ಲೆಕ್ಕ. ಹುಡುಗರು, ಹಲವು ಪಂಗಡಗಳಲ್ಲಿ ಹುಡುಗಿಯರೂ, ಆಗ ಸಭೆಯೆದುರು ಅವರ ಧರ್ಮಗ್ರಂಥವಾದ ತೋರಾದ ಸುರುಳಿಯಿಂದ ಓದುವುದು ರೂಢಿ. ಆ ಸುರುಳಿ ಕೈಬರಹದ್ದು. ಅದರಲ್ಲಿ ಸ್ವರಚಿಹ್ನೆ ಇಲ್ಲ, ವಿರಾಮಚಿಹ್ನೆ ಇಲ್ಲ, ರಾಗದ ಗುರುತೂ ಇಲ್ಲ. ಇವೆಲ್ಲ ಇರುವ ಅಚ್ಚಿನ ಪುಸ್ತಕದಲ್ಲಿ ಕಲಿತು, ಇವ್ಯಾವುವೂ ಇಲ್ಲದ ಸುರುಳಿಯಲ್ಲಿ ಓದಬೇಕು, ಅದೂ ಬಲದಿಂದ ಎಡಕ್ಕೆ. ಹೀಬ್ರೂ ಲಿಪಿಯ ಬೆತ್ ಮತ್ತು ಕಾಫ್, ದಾಲೆತ್ ಮತ್ತು ರೇಶ್ ಅಕ್ಷರಗಳ ನಡುವೆ ಇರುವ ವ್ಯತ್ಯಾಸ ಒಂದು ಮೂಲೆಯ ಚೂಪಿನಷ್ಟು. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಒಡ್ಡುವುದು ಕಷ್ಟ.

ಅವರ ಪರಂಪರೆಯಲ್ಲೂ ಹೊರಗಿಡುವ ಕಟ್ಟಳೆಗಳಿದ್ದವು. ಮಾತು ಬಾರದ ಕಿವುಡರನ್ನೂ ಬುದ್ಧಿ ಬೆಳೆಯದವರನ್ನೂ ಹಳೆಯ ಧರ್ಮಶಾಸ್ತ್ರ ಧಾರ್ಮಿಕ ಹೊಣೆಗಳಿಂದ ದೂರವಿಟ್ಟಿತ್ತು. ಒಳಗೆ ಕರೆಯುವ ಮಾತುಗಳೂ ಅದೇ ಗ್ರಂಥಗಳಲ್ಲಿ ಇದ್ದವು. ಮಗುವಿಗೆ ಅದರ ದಾರಿಗೆ ತಕ್ಕಂತೆ ಕಲಿಸು ಎಂಬುದು ಬೈಬಲ್ಲಿನ ಜ್ಞಾನೋಕ್ತಿಗಳು 22:6ರ ಸಾರ. ಒಬ್ಬ ಶಿಷ್ಯನಿಗೆ ಪ್ರತಿ ಪಾಠವನ್ನೂ 400 ಸಲ ಹೇಳಿಕೊಡುತ್ತಿದ್ದ ಧರ್ಮಗುರು ರಬ್ಬಿ ಪ್ರೇಯ್ದಾರ ಕಥೆ ಅವರ ಧರ್ಮಶಾಸ್ತ್ರ ಗ್ರಂಥ ತಾಲ್ಮುಡ್‌ನಲ್ಲಿದೆ. ಅದೇ ತಾಲ್ಮುಡ್ ತರಗತಿಗೆ ಲೆಕ್ಕವನ್ನೂ ಕೊಡುತ್ತದೆ: 25 ಮಕ್ಕಳಿಗೆ ಒಬ್ಬ ಶಿಕ್ಷಕ, 40 ಆದರೆ ಊರಿನ ಖರ್ಚಿನಲ್ಲಿ ಒಬ್ಬ ಸಹಾಯಕ, 50 ಆದರೆ ಇಬ್ಬರು ಶಿಕ್ಷಕರು. ನಮ್ಮ ಸಮಿತಿಗಳು ಹಬ್ಬದ ದೀಪಾಲಂಕಾರಕ್ಕೆ ಹಣ ಕೂಡಿಸುವಾಗ ಈ ಸಹಾಯಕನ ಸಂಬಳವನ್ನೂ ನೆನೆಯಲಿ ಎಂಬುದು ನಮ್ಮ ಕಳಕಳಿಯ ಕೋರಿಕೆ. ಅಮೆರಿಕದ ಯೆಹೂದ್ಯರ ರಾಮಾ ಬೇಸಿಗೆ ಶಿಬಿರದಲ್ಲಿ 1970ರಲ್ಲೇ ಇಂಥ ಮಕ್ಕಳಿಗಾಗಿ ‘ತಿಕ್ವಾ’ ಕಾರ್ಯಕ್ರಮ ಶುರುವಾಯಿತು.

ಈಗ ತರಗತಿಯ ಒಳಗಿನ ಮಾತು.

ಕೊಡಗಿನ ಮದರಸಾ ವಿದ್ಯಾರ್ಥಿಯೊಬ್ಬ ಕನ್ನಡ, ಇಂಗ್ಲಿಷ್, ಹಿಂದಿಯನ್ನು ಎಡದಿಂದ ಬಲಕ್ಕೆ ಓದಿ, ಅರಬಿಯನ್ನು ಬಲದಿಂದ ಎಡಕ್ಕೆ ಓದುತ್ತಾನೆ. ಮನೆಮಾತು ಹಲವು ಸಲ ಈ ನಾಲ್ಕರಲ್ಲಿ ಯಾವುದೂ ಅಲ್ಲ. ಅರಬಿ ವರ್ಣಮಾಲೆಯ ಮೊದಲಲ್ಲೇ ಬಾ, ತಾ, ಥಾ ಸಾಲಾಗಿ ಬರುತ್ತವೆ. ಮೂರಕ್ಕೂ ದೋಣಿಯಾಕಾರ ಒಂದೇ, ಬೇರೆಯಾಗುವುದು ಚುಕ್ಕಿಯಲ್ಲಿ ಮಾತ್ರ. ಒಂದೇ ವಾರ ಮೂರನ್ನೂ ಕಲಿಸಿದರೆ ಈ ಮಗುವಿನ ತಲೆಯಲ್ಲಿ ಅವು ಕಲಸಿಹೋಗುತ್ತವೆ, ಆ ಮೇಲೆ ಬಿಡಿಸುವುದು ಕಲಿಸುವುದಕ್ಕಿಂತ ಕಷ್ಟ. ಕ್ರಮವನ್ನು ಹಾಡಿನಂತೆ ಬಾಯಿಪಾಠ ಮಾಡಿಸಲಿ, ಅಡ್ಡಿಯಿಲ್ಲ. ಗುರುತು ಹಿಡಿಯುವುದನ್ನು ಮಾತ್ರ ಬೇರೆ ಸರದಿಯಲ್ಲಿ ಕಲಿಸಬೇಕು. ಅಲಿಫ್, ಬಾ, ಮೀಮ್ ಹೀಗೆ ಆಕಾರವೂ ಸದ್ದೂ ದೂರವಿರುವ ಮೂರು ಮೊದಲು, ಬಾ ಗಟ್ಟಿಯಾಗಿ ಎರಡು ವಾರವಾದ ಮೇಲೆ ತಾ. ಹೀಬ್ರೂ ಕಲಿಸಬಲ್ಲ ಶಿಕ್ಷಕರು ಬೆತ್ ನೆಲೆಗೊಳ್ಳುವ ತನಕ ಕಾಫ್ ತೋರಿಸದಿರುವುದೂ ಇದೇ ಕಾರಣಕ್ಕೆ. ಶ್ಲೋಕವನ್ನು ಕನ್ನಡದಲ್ಲಿ ಬರೆದು ಓದಿಸುವ ಶಿಬಿರಗಳಲ್ಲಿ ಮ ಮತ್ತು ವ, ಥ ಮತ್ತು ಧ ಇದೇ ತೊಂದರೆ ಕೊಡುತ್ತವೆ.

ತಪ್ಪು ಬರೆದದ್ದಕ್ಕೆ 50 ಸಲ ಬರೆಯಿಸುವ ಶಿಕ್ಷೆ ಇನ್ನೂ ಹೋಗಿಲ್ಲ. ಹತ್ತನೆಯ ಸಲಕ್ಕೆ ಕೈ ಸೋತು, ಉಳಿದ 40 ಸಲ ಮಗು ತಪ್ಪನ್ನೇ ಅಭ್ಯಾಸ ಮಾಡುತ್ತದೆ. ತಟ್ಟೆಯಲ್ಲಿ ತೆಳ್ಳಗೆ ಹರಡಿದ ಅಕ್ಕಿಹಿಟ್ಟಿನ ಮೇಲೆ ಬೆರಳಿನಿಂದ ದೊಡ್ಡದಾಗಿ ಐದು ಸಲ, ಪ್ರತಿ ಸಲವೂ ಸದ್ದು ಬಾಯಲ್ಲಿ ಹೇಳುತ್ತಾ ಬರೆಸಿದರೆ ಸಾಕು. ಅಕ್ಷರದ ವ್ಯತ್ಯಾಸ ತೋರಿಸಲು ಚುಕ್ಕಿಗೆ ಕೆಂಪು ಬಣ್ಣ ಕೊಡುವುದು ಒಳ್ಳೆಯದೇ. ಆದರೆ ಮೂರು ನಾಲ್ಕು ವಾರದಲ್ಲಿ ಬಣ್ಣವನ್ನು ತೆಳುಮಾಡುತ್ತಾ ತೆಗೆದುಬಿಡಬೇಕು. ಇಲ್ಲದಿದ್ದರೆ ಮಗು ಕೆಂಪನ್ನು ಓದುತ್ತದೆ, ಅಕ್ಷರವನ್ನಲ್ಲ.

ಓದುವಾಗ ಸಾಲು ತಪ್ಪುವ ಮಕ್ಕಳಿಗೆ ಕಿಂಡಿ ಇರುವ ರಟ್ಟು ಬಹಳ ಉಪಯುಕ್ತ. 20 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ಗಾಢ ಬಣ್ಣದ ರಟ್ಟು ತೆಗೆದುಕೊಂಡು ನಡುವೆ ಒಂದೇ ಸಾಲು ಕಾಣುವಷ್ಟು ಉದ್ದ ಸೀಳು ಕತ್ತರಿಸಬೇಕು. ಎಲ್ಲರೂ ಎಡವುವುದು ಸೀಳಿನ ಎತ್ತರದಲ್ಲಿ. ಅಕ್ಷರದ ಮೈಯನ್ನಷ್ಟೇ ಅಳೆದು ಕತ್ತರಿಸಿದರೆ ಅರಬಿಯ ಮೇಲಿನ ಕೆಳಗಿನ ಸ್ವರಗುರುತುಗಳು, ಕನ್ನಡದ ಒತ್ತಕ್ಷರಗಳು ಮುಚ್ಚಿಹೋಗುತ್ತವೆ. ಅಕ್ಷರದ ಎರಡರಷ್ಟು ಎತ್ತರ ಬಿಡಬೇಕು, ಪುಸ್ತಕದ ಅಕ್ಷರವನ್ನು 18ರಿಂದ 20 ಪಾಯಿಂಟ್ ಗಾತ್ರಕ್ಕೆ ದೊಡ್ಡದು ಮಾಡಿ ಜೆರಾಕ್ಸ್ ತೆಗೆಸಬೇಕು. ಮದುವೆ ಕರೆಯೋಲೆಯ ಹೊಳೆಯುವ ರಟ್ಟು ಬೇಡ, ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತದೆ. ಈ ರಟ್ಟನ್ನು ಒಂದು ಮಗುವಿಗೆ ಮಾತ್ರ ಕೊಡದೆ ತರಗತಿಯ ಎಲ್ಲರಿಗೂ ಕೊಡಿ. ತೋರಾ ಓದುವವರು ಸುರುಳಿಯನ್ನು ಬರಿಗೈಯಲ್ಲಿ ಮುಟ್ಟದೆ ‘ಯಾದ್’ ಎಂಬ ಪುಟ್ಟ ಕಡ್ಡಿಯಿಂದ ಸಾಲನ್ನು ತೋರಿಸಿಕೊಳ್ಳುತ್ತಾರೆ. ಪಂಡಿತರೂ ಅದನ್ನೇ ಹಿಡಿಯುವುದರಿಂದ ಕಣ್ಣು ಸಾಲು ತಪ್ಪುವ ಹುಡುಗನಿಗೆ ಅದನ್ನು ಹಿಡಿಯಲು ಸಂಕೋಚವಾಗುವುದಿಲ್ಲ.

ಕಿವಿಯಿಂದ ಕಲಿಸುವುದು ಇನ್ನೊಂದು ದಾರಿ. ತೋರಾ ಓದು ರಾಗದಲ್ಲೇ ಇರುವುದರಿಂದ ಅಲ್ಲಿನ ಶಿಕ್ಷಕರು ಮಗುವಿನ ಪಾಲನ್ನು ಸಣ್ಣ ತುಂಡುಗಳಾಗಿ ರೆಕಾರ್ಡ್ ಮಾಡಿ ಮನೆಗೆ ಕೊಡುತ್ತಾರೆ. ನಮ್ಮಲ್ಲಿ ಫೋನಿನಲ್ಲೇ ಇದಾಗುತ್ತದೆ. ಒಂದೊಂದು ತುಂಡು ಅರ್ಧ ನಿಮಿಷ ಮೀರದಿರಲಿ, ಒಮ್ಮೆ ಸಹಜ ವೇಗದಲ್ಲಿ, ಒಮ್ಮೆ ನಿಧಾನವಾಗಿ. ದಿನಕ್ಕೆ ಎರಡು ಹೊತ್ತು ಹತ್ತತ್ತು ನಿಮಿಷ ಕೇಳಿದರೆ ಸಾಕು, ಒಂದೇ ಸಲ ಒಂದು ಗಂಟೆ ಕೂರಿಸಿದರೆ ಏನೂ ಉಳಿಯುವುದಿಲ್ಲ. ಮುಂದಿನವರು ಹಾಡಿದ ಸಾಲನ್ನು ಜತೆಯವರು ಎತ್ತಿಕೊಳ್ಳುವ ಬಾಳೋಪಾಟ್‌ನ ಪದ್ಧತಿ ಇಂಥ ಮಕ್ಕಳಿಗೆ ಹೇಳಿಮಾಡಿಸಿದ್ದು. ದುಡಿ ಎಂಬ ಪುಟ್ಟ ಚರ್ಮವಾದ್ಯದ ತಾಳ ಮುಂದಿನ ಮಾತನ್ನು ನೆನಪಿಗೆ ತಂದುಕೊಡುತ್ತದೆ. ಅದನ್ನು ಪುಸ್ತಕ ಹಿಡಿಸಿ ಕಲಿಸಲು ಹೊರಡುವುದು ಬೇಡವೆಂದೇ ನಮ್ಮ ಅಭಿಪ್ರಾಯ. ಬಾಯಿಪಾಠವನ್ನು ಓದು ಎಂದು ತಿಳಿದುಬಿಡುವ ಅಪಾಯವೂ ಇದೆ. ನಡುವಿನ ಒಂದು ಸಾಲನ್ನು ತೋರಿಸಿ ಓದಿಸಿ ನೋಡಿದರೆ ಗೊತ್ತಾಗುತ್ತದೆ.

ವೇದಿಕೆಯ ದಿನಕ್ಕೂ ತಯಾರಿ ಬೇಕು. ತೋರಾ ಓದಲು ಕರೆದವರ ಪಾಲು ಕನಿಷ್ಠ ಮೂರು ವಚನ. ಪೂರ್ಣ ಅಧ್ಯಾಯ ಆಗದ ಮಗುವಿಗೆ ಆ ಮೂರೇ ಸಾಕು, ಅದೂ ಆಗದಿದ್ದರೆ ಓದಿನ ಮುಂಚಿನ ಮತ್ತು ನಂತರದ ಸ್ತುತಿಯಷ್ಟೇ. ಶನಿವಾರ ಬೆಳಗಿನ ವಾರದ ಪ್ರಾರ್ಥನೆಯ ಜನಜಂಗುಳಿ ತಾಳದ ಮಗುವಿಗೆ ಸೋಮವಾರ ಅಥವಾ ಗುರುವಾರ ಬೆಳಗ್ಗೆ ಅವಕಾಶ ಕೊಡುವುದುಂಟು. ಆ ದಿನಗಳಲ್ಲೂ ತೋರಾ ಓದು ಇರುತ್ತದೆ, ಪಾಲು ಚಿಕ್ಕದು, ಜನ ಕಡಿಮೆ. ವಿಧಿ ಕೆಡಲಿಲ್ಲ, ಮಗುವೂ ಹೊರಗುಳಿಯಲಿಲ್ಲ. ಮೀಲಾದ್ ಕಾರ್ಯಕ್ರಮ, ಪ್ರಥಮ ಪರಮಪ್ರಸಾದ, ಶಿಬಿರದ ಸಮಾರೋಪ ಎಲ್ಲಕ್ಕೂ ಇದು ಹೊಂದುತ್ತದೆ. ಎರಡು ವಾರ ಮುಂಚೆಯೇ ಖಾಲಿ ವೇದಿಕೆ ಹತ್ತಿಸಿ, ಮೊದಲು ಮೈಕ್ ಆರಿಸಿ, ಆಮೇಲೆ ಸಣ್ಣ ದನಿಯಲ್ಲಿಟ್ಟು ಅಭ್ಯಾಸ ಮಾಡಿಸಿ. ಆಟಿಸಂ ಇರುವ ಮಗು ಹಲವು ಸಲ ಕೈಬಿಡುವುದು ಪಾಠ ಬಾರದೆ ಅಲ್ಲ, ಮೈಕಿನ ಕೀರಲಿಗೆ ಬೆಚ್ಚಿ.

ಕೊಡಗಿನಲ್ಲಿ ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ, ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟ್ ಮಾಡಿನ ಮೇಲೆ ಮಳೆ ಬಾರಿಸುವಾಗ ಹಿಂದಿನ ಸಾಲಿಗೆ ಪಾಠ ಕೇಳಿಸುವುದೇ ಇಲ್ಲ. ಬೇರೆ ಮಕ್ಕಳು ತುಟಿ ನೋಡಿ, ಅಂದಾಜು ಮಾಡಿ ಹೇಗೋ ಹೊಂದಿಸಿಕೊಳ್ಳುತ್ತಾರೆ. ಸದ್ದುಗಳನ್ನು ಬಿಡಿಸಿ ಕೇಳಲು ತೊಡಕಿರುವ ಮಗು ಪೂರ್ತಿ ಕೈಚೆಲ್ಲುತ್ತದೆ. ಅಂಥ ಮಗುವನ್ನು ಶಿಕ್ಷಕರಿಂದ ಒಂದೂವರೆ ಮೀಟರ್ ಒಳಗೆ, ಶಿಕ್ಷಕರ ಮುಖ ಕಾಣುವಂತೆ ಕೂರಿಸಬೇಕು. ಜೋರು ಮಳೆಯ ಹೊತ್ತಿನಲ್ಲಿ ಹೊಸ ಸದ್ದು, ಹೊಸ ಸೂಕ್ತ ಕಲಿಸದೆ ಬರವಣಿಗೆ, ಚಿತ್ರಕಾರ್ಡು ಇಟ್ಟುಕೊಳ್ಳಬಹುದು. ಕರೆಂಟ್ ಹೋಗುವ ಕಾಲವಾದ್ದರಿಂದ ಚಾರ್ಜ್ ಆಗುವ ದೀಪವೊಂದು ತರಗತಿಯಲ್ಲಿರಲಿ.

ಪಿಯುಸಿ ಓದುವ ಮಕ್ಕಳನ್ನು ಸಹಾಯಕರಾಗಿ ಇಟ್ಟುಕೊಳ್ಳಬಹುದು. ಅವರು ಒಂದೇ ಮಗುವಿಗೆ ಅಂಟಿಕೊಂಡು ಕೂತರೆ ಉಳಿದ ಮಕ್ಕಳು ಅದರ ಜತೆ ಮಾತಾಡುವುದನ್ನೇ ಬಿಡುತ್ತಾರೆ. ನಾಲ್ಕೈದು ಮಕ್ಕಳ ಗುಂಪಿಗೆ ಒಬ್ಬರು ಸಾಕು. ಹತ್ತು ವರ್ಷದ ಮಗುವನ್ನು ಐದು ವರ್ಷದವರ ಜತೆ ಕೂರಿಸುವುದು ಬೇಡ. ‘ಪಾಪ, ಅದನ್ನು ಬಿಡಿ’ ಎಂದು ಎಲ್ಲದರಿಂದ ವಿನಾಯಿತಿ ಕೊಡುವುದೂ ಅಷ್ಟೇ ಅನ್ಯಾಯ. ಸರದಿ ಪ್ರಕಾರ ಎದ್ದು ಗಟ್ಟಿಯಾಗಿ ಓದಿಸುವ ಪದ್ಧತಿ ಇದ್ದರೆ, ಯಾವ ಸಾಲು ಬರುತ್ತದೆಂದು ಹಿಂದಿನ ದಿನವೇ ಮಗುವಿಗೆ ತಿಳಿಸಿ. ಯೆಹೂದ್ಯರ ಪಾಸ್ಕ ಹಬ್ಬದ ಊಟದ ಪಠ್ಯದಲ್ಲಿ ನಾಲ್ಕು ಬಗೆಯ ಮಕ್ಕಳು ಬರುತ್ತಾರೆ. ನಾಲ್ಕನೆಯದು ಪ್ರಶ್ನೆ ಕೇಳಲೂ ಅರಿಯದ ಮಗು, ಅದಕ್ಕೆ ದೊಡ್ಡವರೇ ಮಾತು ಶುರುಮಾಡಬೇಕೆಂದು ಅಲ್ಲಿದೆ. ಡೌಟ್ ಇದ್ದರೆ ಕೇಳು ಎಂದಷ್ಟೇ ಹೇಳಿ ಕೂರುವ ಶಿಕ್ಷಕರು ಇದನ್ನು ಗಮನಿಸಲಿ.

ಇವಕ್ಕೆಲ್ಲ ಪ್ರಮಾಣಪತ್ರಕ್ಕಾಗಿ ಕಾಯಬೇಕಿಲ್ಲ. ಕಲಿಕಾ ನ್ಯೂನತೆಯ ಪ್ರಮಾಣಪತ್ರ ಸಿಗುವುದೇ 8 ವರ್ಷ ತುಂಬಿದ ಮೇಲೆ, ಮತ್ತೆ 14 ಮತ್ತು 18ಕ್ಕೆ ಮರುಪರೀಕ್ಷೆ. ಧರ್ಮಪಾಠ ಶುರುವಾಗುವುದು ಅದಕ್ಕಿಂತ ಮುಂಚೆ. ಸೇರುವಾಗಲೇ ತಂದೆತಾಯಿಗೆ ಒಂದು ಪುಟದ ನಮೂನೆ ಕೊಟ್ಟು ಕೇಳಿ: ಮಗುವಿಗೆ ಯಾವುದು ಸುಲಭ, ಯಾವುದಕ್ಕೆ ಹೆದರುತ್ತದೆ, ಎಷ್ಟು ಹೊತ್ತು ಕೂರಬಲ್ಲದು, ಸಿಟ್ಟು ಬಂದಾಗ ಏನು ಮಾಡಿದರೆ ಸಮಾಧಾನ, ಕಣ್ಣು ಕಿವಿ ತೋರಿಸಿದ್ದೀರಾ. ಕೊನೆಯ ಪ್ರಶ್ನೆಗೆ ಇಲ್ಲ ಎಂದರೆ ಮೊದಲು ಆ ಕೆಲಸವಾಗಲಿ. ಮಾತು, ಕೇಳುವಿಕೆ, ಓದಿನ ತೊಂದರೆಯ ತಪಾಸಣೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮಗೆ ಹತ್ತಿರ.

ಶಿಕ್ಷಣ ಇಲಾಖೆಯ ತಾಲ್ಲೂಕು ಸಂಪನ್ಮೂಲ ಕೇಂದ್ರಗಳಲ್ಲಿ (ಬಿಆರ್‌ಸಿ) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರ (ಬಿಐಇಆರ್‌ಟಿ) ಹುದ್ದೆಗಳಿವೆ, ಇಂಥ ಮಕ್ಕಳಿಗೆ ಕಲಿಸುವ ತರಬೇತಿ ಅವರಿಗಿದೆ. ಅವರನ್ನು ಕರೆಸಿ, ತಾಲ್ಲೂಕಿಗೊಂದರಂತೆ ಎಲ್ಲ ಧರ್ಮಗಳ ಪಾಠ ಹೇಳುವವರಿಗೆ ಅರ್ಧ ದಿನದ ತರಬೇತಿ ನಡೆಸಲು ಸಮಿತಿಗಳು ಒಟ್ಟಾಗಿ ಮನವಿ ಕೊಡಲಿ. ಮದರಸಾದ ಉಸ್ತಾದರು, ಚರ್ಚಿನ ಧರ್ಮೋಪದೇಶಕರು, ಶಿಬಿರದ ಗುರುಗಳು ತಮ್ಮ ತಮ್ಮ ಪಾಠಪುಸ್ತಕ ತಂದು, ಅದರ ಮೊದಲ ಹತ್ತು ಪುಟಗಳನ್ನು ಅಲ್ಲೇ ತಿದ್ದಿಕೊಂಡು ಹೋಗುವಂತಿರಬೇಕು. ಭಾಷಣ ಬೇಡ.

ಇಬ್ಬರು ವಿಶೇಷ ಶಿಕ್ಷಕಿಯರು
ವಿರಾಜಪೇಟೆ, ಕೊಡಗು