ಏಳು ತಂತಿಯ ಗಿಟಾರ್: ಮೊದಲು ಶ್ರುತಿ ಹೇಳು, ಆಮೇಲೆ ಮಾಡೆಲ್

ಪ್ರೀತಿಯ ಪುಟ್ಟಾ,

ನೀನು ಕಳಿಸಿದ ಮೂರು ಫೋಟೊ ನೋಡಿದೆ. ಮೂರೂ ಒಂದೇ ಕಂಪನಿಯ ಗಿಟಾರ್. ಎಲ್ಲದಕ್ಕೂ ಏಳು ತಂತಿ, 24 ಫ್ರೆಟ್ (ಕತ್ತಿನ ಮೇಲಿನ ಅಡ್ಡ ಪಟ್ಟಿಗಳು). ನೇರಳೆ ಬಣ್ಣದ್ದಕ್ಕೆ ತೇಲುವ ಟ್ರೆಮೊಲೊ, ಅಂದರೆ ಕಡ್ಡಿ ಒತ್ತಿ ಸ್ವರ ಜಗ್ಗಿಸುವ, ಅಲ್ಲಾಡುವ ಬ್ರಿಡ್ಜ್ (ತಂತಿಗಳ ಬುಡ ಕೂರುವ ಲೋಹದ ಭಾಗ). ಒಂದಕ್ಕೆ ಅಲ್ಲಾಡದ ಫಿಕ್ಸೆಡ್ ಬ್ರಿಡ್ಜ್, ಇನ್ನೊಂದಕ್ಕೆ ಓರೆ ಫ್ರೆಟ್ಟು ಮತ್ತು ಆಕ್ಟಿವ್ ಪಿಕಪ್ (ತಂತಿಯ ನಾದವನ್ನು ಆಂಪ್‌ಗೆ ಕಳಿಸುವ ಭಾಗ). "ಯಾವುದು ಬೆಸ್ಟ್ ಹೇಳಿ ಮಾವ" ಅಂತ ಕೇಳಿದ್ದೀಯ. ಒಂದೇ ಮಾತಲ್ಲಿ ಹೇಳಬೇಕು ಅಂದರೆ ಫಿಕ್ಸೆಡ್ ಬ್ರಿಡ್ಜ್ ಇರುವುದನ್ನು ತಗೋ. ಆದರೆ ಯಾಕೆ ಅಂತ ಹೇಳದೆ ಬಿಟ್ಟರೆ ನೀನು ಅಂಗಡಿಗೆ ಹೋಗಿ ಆ ನೇರಳೆ ಬಣ್ಣದ್ದನ್ನೇ ಎತ್ತಿಕೊಂಡು ಬರುತ್ತೀಯ, ನಿನ್ನನ್ನು ಚಿಕ್ಕಂದಿನಿಂದ ನೋಡಿದ್ದೇನಲ್ಲ.

ಅದಕ್ಕೇ ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಆ ಏಳನೇ ತಂತಿಯನ್ನು ಯಾವ ಶ್ರುತಿಗೆ ಇಡುತ್ತೀಯ? ಬಿ ಸ್ವರಕ್ಕೆ ಇಡುತ್ತೀಯಾ, ಇನ್ನೂ ಕೆಳಗೆ ಎ ಗೆ ಇಳಿಸುತ್ತೀಯಾ? ಒಮ್ಮೆ ಅದು, ಒಮ್ಮೆ ಇದು ಅಂತ ಬದಲಾಯಿಸುತ್ತೀಯಾ? ಇದಕ್ಕೆ ಉತ್ತರ ಸಿಗುವವರೆಗೂ ಯಾವ ಮಾಡೆಲ್ ಅನ್ನುವ ಚರ್ಚೆ ಸುಮ್ನೆ ಟೈಮ್‌ಪಾಸ್. ಬ್ರಿಡ್ಜು, ಕತ್ತಿನ ಉದ್ದ, ತಂತಿಯ ದಪ್ಪ ಎಲ್ಲ ಈ ಒಂದು ಉತ್ತರದ ಹಿಂದೆ ಬರುತ್ತವೆ. ಅಂಗಡಿಯವನು ಇದನ್ನು ಕೇಳುವುದಿಲ್ಲ, ಅವನು ಬಜೆಟ್ ಎಷ್ಟು ಅಂತ ಮಾತ್ರ ಕೇಳುತ್ತಾನೆ.

ಅಂದಹಾಗೆ ಏಳು ತಂತಿ ಅಂದ ತಕ್ಷಣ ನಿನ್ನ ಅಜ್ಜಿ "ವೀಣೆ ಕಲಿಯುತ್ತಾನಂತಾ?" ಅಂದರು. ಲೆಕ್ಕ ಸರಿಯಾಗೇ ಇದೆ, ಸರಸ್ವತಿ ವೀಣೆಗೂ ಏಳು ತಂತಿ, 24 ಮೆಟ್ಟಿಲು. ಆದರೆ ಅಲ್ಲಿ ನಾಲ್ಕು ನುಡಿಸುವುದಕ್ಕೆ, ಪಕ್ಕದ ಮೂರು ತಾಳಕ್ಕೆ. ನಿನ್ನದರಲ್ಲಿ ಏಳೂ ನುಡಿಸುವ ತಂತಿಗಳೇ, ಕಷ್ಟ ಇರುವುದೂ ಅಲ್ಲೇ. ಅಜ್ಜಿಗೆ ನಾನು ಏನೋ ಹೇಳಿ ಸಮಾಧಾನ ಮಾಡಿದ್ದೇನೆ, ನೀನು ಬಂದಾಗ ಆಂಪ್ ಸೌಂಡ್ ಜಾಸ್ತಿ ಇಡಬೇಡ.

ಈ ಬೇರೆ ಬೇರೆ ವರ್ಷನ್‌ಗಳು ಯಾಕೆ ಹುಟ್ಟಿಕೊಂಡವು ಅಂತ ಗೊತ್ತಿದ್ದರೆ ಆಯ್ಕೆ ಸುಲಭ. 1930ರ ದಶಕದಲ್ಲೇ ಅಮೆರಿಕದ ಜಾರ್ಜ್ ವ್ಯಾನ್ ಎಪ್ಸ್ ಅನ್ನುವ ಜಾಝ್ ವಾದಕರು ಎಪಿಫೋನ್ ಕಂಪನಿಯಿಂದ ಏಳು ತಂತಿಯ ಗಿಟಾರ್ ಮಾಡಿಸಿಕೊಂಡಿದ್ದರು. ಕೆಳಗಿನ ತಂತಿಯನ್ನು ಅವರು ಎ ಗೆ ಇಡುತ್ತಿದ್ದರು, ಕಾರ್ಡ್, ಅಂದರೆ ಸ್ವರಗಳ ಗೊಂಚಲು, ಹಿಡಿದುಕೊಂಡೇ ಬೇಸ್ ಸ್ವರಗಳನ್ನೂ ನಡೆಸುವುದಕ್ಕೆ. ಆಮೇಲೆ 1990ರಲ್ಲಿ ರಾಕ್ ಗಿಟಾರಿಸ್ಟ್ ಸ್ಟೀವ್ ವಾಯ್ ಜೊತೆ ಸೇರಿ ಐಬನೆಜ್ ಕಂಪನಿ ಯೂನಿವರ್ಸ್ ಅನ್ನುವ ಮಾಡೆಲ್ ಬಿಟ್ಟಿತು. ಒಳಗೆ ಟೊಳ್ಳಿಲ್ಲದ ಸಾಲಿಡ್ ಬಾಡಿಯ ಏಳು ತಂತಿ ಗಿಟಾರ್ ಎಲ್ಲರ ಕೈಗೆ ಸಿಗುವಂತಾದದ್ದು ಅಲ್ಲಿಂದ. ವಾಯ್ ಅವರಿಗೆ ಟ್ರೆಮೊಲೊ ಕಡ್ಡಿ ಇಲ್ಲದೆ ಆಗುವುದೇ ಇಲ್ಲ, ಹಾಗಾಗಿ ಅದಕ್ಕೆ ತೇಲುವ ಬ್ರಿಡ್ಜ್ ಬಂತು. ಸ್ವಲ್ಪ ವರ್ಷಕ್ಕೆ ಕಾರ್ನ್ ಅನ್ನುವ ಮೆಟಲ್ ಬ್ಯಾಂಡಿನ ಹುಡುಗರು ಅದೇ ಐಬನೆಜ್ ಏಳು ತಂತಿಯನ್ನು ಇನ್ನೂ ಒಂದು ಸ್ವರ ಕೆಳಗಿಳಿಸಿ, ಎ ಯಿಂದ ಶುರುವಾಗುವ ಹಾಗೆ ಮಾಡಿ, ದಪ್ಪ ರಿಫ್‌ಗಳನ್ನು (ಮತ್ತೆ ಮತ್ತೆ ಬರುವ ಸ್ವರದ ತುಣುಕುಗಳನ್ನು) ಹೊಡೆದರು. ಸೋಲೊಗೆ ಅಂತ ಬಂದ ಗಿಟಾರ್ ರಿಫ್ ಗಿಟಾರ್ ಆಗಿಬಿಟ್ಟಿತು. 90ರ ದಶಕದ ಕೊನೆಗೆ ಐಬನೆಜ್ ಎರಡೂ ಥರದವರಿಗೆ ಬೇರೆ ಬೇರೆಯಾಗಿ ಕೊಟ್ಟಿತು: ಆರ್‌ಜಿ 7620 ಕ್ಕೆ ಟ್ರೆಮೊಲೊ, 7621 ಕ್ಕೆ ಫಿಕ್ಸೆಡ್ ಬ್ರಿಡ್ಜ್. ಹೆಸರಿನಲ್ಲಿ ಕೊನೆಯ ಒಂದು ಅಂಕಿ ಬೇರೆ, ಅಷ್ಟೇ. ಇವತ್ತಿಗೂ 7621 ಹಳೆಯದಾದರೂ ಪರವಾಗಿಲ್ಲ ಅಂತ ಹುಡುಕಿಕೊಂಡು ಹೋಗುವವರಿದ್ದಾರೆ.

ಈಗ ನೀನು ಯಾರ ಕಡೆ? ನೀನು ಕಳಿಸಿದ ರೆಕಾರ್ಡಿಂಗ್ ಕೇಳಿದ್ದೇನೆ. ಎಲ್ಲ ಅಂಗೈ ತಂತಿಯ ಮೇಲಿಟ್ಟು ಹೊಡೆದ ಪಾಮ್ ಮ್ಯೂಟ್ ರಿಫ್, ಮಧ್ಯೆ ಎಲ್ಲೋ ಒಂದು ಚಿಕ್ಕ ಸೋಲೊ. ಟ್ರೆಮೊಲೊ ಕಡ್ಡಿ ಮುಟ್ಟುವ ಜಾಗವೇ ಇಲ್ಲ ಅದರಲ್ಲಿ. ಮತ್ತೆ ಯಾಕಪ್ಪಾ ಅದು?

ತೇಲುವ ಬ್ರಿಡ್ಜ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅದರ ಸ್ವಭಾವ ಗೊತ್ತಿರಲಿ ಅಂತ ಹೇಳುತ್ತಿದ್ದೇನೆ. ಗಿಟಾರ್ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ ನೋಡು, ಒಳಗೆ ಸ್ಪ್ರಿಂಗ್‌ಗಳು ಕಾಣುತ್ತವೆ. ಮುಂದುಗಡೆ ಏಳು ತಂತಿ ಬ್ರಿಡ್ಜನ್ನು ಒಂದು ಕಡೆ ಎಳೆಯುತ್ತವೆ, ಹಿಂದುಗಡೆ ಸ್ಪ್ರಿಂಗ್‌ಗಳು ಇನ್ನೊಂದು ಕಡೆ ಎಳೆಯುತ್ತವೆ. ಎರಡೂ ಎಳೆತ ಸಮ ಇದ್ದಾಗ ಮಾತ್ರ ಶ್ರುತಿ ನಿಲ್ಲುತ್ತದೆ. ಈಗ ನೀನು ಒಂದು ಹಾಡಿಗೆ ಬಿ ತಂತಿಯನ್ನು ಎ ಗೆ ಇಳಿಸಿದೆ ಅಂದುಕೋ. ಮುಂದಿನ ಎಳೆತ ಕಡಿಮೆಯಾಯಿತು, ಸ್ಪ್ರಿಂಗ್ ಬ್ರಿಡ್ಜನ್ನು ಹಿಂದಕ್ಕೆ ಎಳೆದುಕೊಂಡಿತು, ಉಳಿದ ಆರೂ ತಂತಿ ಮೇಲಕ್ಕೆ ಹೋದವು. ಅವನ್ನು ಸರಿಮಾಡುವಷ್ಟರಲ್ಲಿ ಏಳನೆಯದು ಮತ್ತೆ ಜರುಗಿರುತ್ತದೆ. ಅದೂ ಮೇಲೆ ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಕಚ್ಚಿನ ಪಟ್ಟಿ) ಹತ್ತಿರ ಲಾಕ್ ಇದ್ದರೆ ಮೊದಲು ಅಲೆನ್ ಕೀ ಹುಡುಕಬೇಕು, ಅದು ಬೇಕಾದಾಗ ಯಾವತ್ತೂ ಸಿಗುವುದಿಲ್ಲ. ನಮ್ಮ ಕಾಲೇಜು ದಿನಗಳ ಬ್ಯಾಂಡಿನಲ್ಲಿ ಒಬ್ಬನ ಹತ್ತಿರ ಇಂಥ ಗಿಟಾರ್ ಇತ್ತು. ಒಂದು ಫೆಸ್ಟ್‌ನಲ್ಲಿ ಹಾಡಿನ ಮಧ್ಯೆ ಒಂದು ತಂತಿ ಕಿತ್ತು ಹೋಯಿತು. ಫಿಕ್ಸೆಡ್ ಆಗಿದ್ದರೆ ಉಳಿದ ತಂತಿಗಳಲ್ಲಿ ಹೇಗೋ ಮುಗಿಸಬಹುದಿತ್ತು, ಆದರೆ ಇಡೀ ಗಿಟಾರೇ ಶ್ರುತಿ ತಪ್ಪಿ ಅವನು ಕೈಕಟ್ಟಿ ನಿಲ್ಲಬೇಕಾಯಿತು. ಡ್ರಮ್ಮರ್ ಸೋಲೊ ಹೊಡೆದು ಮರ್ಯಾದೆ ಉಳಿಸಿದ.

"ಬೇಡ ಅನ್ನಿಸಿದರೆ ಒಳಗೆ ಮರದ ತುಂಡು ಇಟ್ಟು ಬ್ರಿಡ್ಜ್ ಅಲ್ಲಾಡದ ಹಾಗೆ ಮಾಡಬಹುದಂತೆ" ಅಂತ ಬರೆದಿದ್ದೀಯ. ಮಾಡಬಹುದು. ಆದರೆ ಅಲ್ಲಾಡುವ ಬ್ರಿಡ್ಜ್‌ಗೆ ಜಾಸ್ತಿ ದುಡ್ಡು ಕೊಟ್ಟು, ಮನೆಗೆ ತಂದು, ಅದು ಅಲ್ಲಾಡದ ಹಾಗೆ ಮರದ ತುಂಡು ಸಿಕ್ಕಿಸುವುದು ಯಾವ ಸಂಭ್ರಮಕ್ಕೆ? ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ಇನ್ನೂ ಒಂದು ವಿಷಯ ಇದೆ. ಆ ಬ್ರಿಡ್ಜ್ ಎರಡು ಕಂಬಗಳ ಮೇಲೆ ಚೂಪಾದ ಅಂಚಿನಲ್ಲಿ ಕೂತಿರುತ್ತದೆ. ಲೋಹ ಮೆತ್ತಗಿದ್ದರೆ ಆ ಅಂಚು ಸವೆಯುತ್ತದೆ, ಆಮೇಲೆ ಎಷ್ಟೇ ಶ್ರುತಿ ಮಾಡಿದರೂ ಕಡ್ಡಿ ಮುಟ್ಟಿದ ಮೇಲೆ ವಾಪಸ್ ಅದೇ ಜಾಗಕ್ಕೆ ಬರುವುದಿಲ್ಲ. ಒಳ್ಳೆಯ ಟ್ರೆಮೊಲೊ ಬೇಕು ಅಂದರೆ ಒಳ್ಳೆಯ ದುಡ್ಡನ್ನೇ ಕೊಡಬೇಕು. ನಿನ್ನ ಬಜೆಟ್‌ನಲ್ಲಿ ಸಿಗುವುದು ಅದಲ್ಲ.

ಬ್ರಿಡ್ಜ್ ವಿಷಯ ಇಲ್ಲಿಗೆ ಸಾಕು. ಎರಡನೆಯದು ಸ್ಕೇಲ್, ಅಂದರೆ ನಟ್‌ನಿಂದ ಬ್ರಿಡ್ಜ್‌ವರೆಗೆ ಮಿಡಿಯುವ ತಂತಿಯ ಉದ್ದ. ನಿನ್ನ ಈಗಿನ ಆರು ತಂತಿಯದು 25.5 ಇಂಚು, ಸುಮಾರು 648 ಮಿಲಿಮೀಟರ್. ಏಳು ತಂತಿಯಲ್ಲಿ 25.5 ಕೂಡ ಸಿಗುತ್ತದೆ, 26.5 ಕೂಡ, 27 ಕೂಡ. ಒಂದು ಇಂಚಿಗೆ ಏನಾಗುತ್ತದೆ ಅನ್ನಬೇಡ. ಅದೇ ತಂತಿ, ಅದೇ ಸ್ವರ ಇದ್ದರೆ 25.5 ರಿಂದ 26.5 ಕ್ಕೆ ಹೋದಾಗ ಬಿಗಿ ಸುಮಾರು 8 ಪರ್ಸೆಂಟ್ ಏರುತ್ತದೆ, 27 ಕ್ಕೆ ಹೋದರೆ 12. ಬಿ ತಂತಿಯ ಸ್ವರ 62 ಹರ್ಟ್ಸ್ ಹತ್ತಿರ, ಎ ಗೆ ಇಳಿಸಿದರೆ 55. ಅಷ್ಟು ಕೆಳಗೆ ತಂತಿ ಸಡಿಲ ಇದ್ದರೆ ಜೋರಾಗಿ ಹೊಡೆದಾಗ ಸ್ವರ ಮೊದಲು ಮೇಲೆ ಹೋಗಿ ಆಮೇಲೆ ಜಾಗಕ್ಕೆ ಬಂದು ಕೂರುತ್ತದೆ. ನಿನ್ನ ರೆಕಾರ್ಡಿಂಗ್‌ನಲ್ಲಿ ಆರು ತಂತಿಯದನ್ನೇ ಬಿ ವರೆಗೆ ಇಳಿಸಿ ಹೊಡೆದಿದ್ದೀಯಲ್ಲ, ಅದರಲ್ಲಿ ಪ್ರತಿ ಸಲ ಕೇಳಿಸುತ್ತದೆ.

ದಪ್ಪ ತಂತಿ ಹಾಕಿದರೆ ಆಯಿತಲ್ಲ ಅನ್ನುತ್ತೀಯ. ಏಳು ತಂತಿಯ ಸೆಟ್‌ಗಳು ಸಾಮಾನ್ಯವಾಗಿ 10 ರಿಂದ 56 ಅಥವಾ 59 ರವರೆಗೆ ಬರುತ್ತವೆ (ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ದಪ್ಪ). ಎ ಗೆ ಇಳಿಸುವವರು 62, 64 ಹುಡುಕುತ್ತಾರೆ. ಆದರೆ ತಂತಿ ದಪ್ಪ ಆದಷ್ಟೂ ಅದರ ಸ್ಯಾಡಲ್ (ಬ್ರಿಡ್ಜ್ ಮೇಲೆ ಆ ತಂತಿ ಕೂರುವ ಚಿಕ್ಕ ತುಂಡು) ಹಿಂದೆ ಹಿಂದೆ ಹೋಗಬೇಕಾಗುತ್ತದೆ, ಇಲ್ಲದಿದ್ದರೆ 12ನೇ ಫ್ರೆಟ್‌ನಲ್ಲಿ ಸ್ವರ ಸೇರುವುದಿಲ್ಲ. ಚಿಕ್ಕ ಸ್ಕೇಲ್‌ನಲ್ಲಿ ಎಷ್ಟೋ ಸಲ ಹಿಂದೆ ಹೋಗುವುದಕ್ಕೆ ಜಾಗವೇ ಉಳಿದಿರುವುದಿಲ್ಲ. ಇನ್ನು ಕಂಪನಿಯಿಂದ ಬಂದ ನಟ್‌ನ ಕಚ್ಚು ತೆಳು ತಂತಿಗೆ ಕೊರೆದಿರುತ್ತದೆ. 62 ಅದರೊಳಗೆ ಇಳಿಯದೆ ಮೇಲೇ ಕೂತುಕೊಂಡರೆ ಮೊದಲ ಎರಡು ಮೂರು ಫ್ರೆಟ್‌ಗಳಲ್ಲಿ ಎಲ್ಲ ಸ್ವರವೂ ಸ್ವಲ್ಪ ಮೇಲೆ. ಅದನ್ನು ಅರದಿಂದ ಸರಿಮಾಡಿಸಬೇಕು. ನೀನೇ ಮಾಡಬೇಡ, ತಿಳಿದವರ ಹತ್ತಿರ ಕೊಡು.

ನೀನು ಬಿ ಯಲ್ಲೇ ಇದ್ದು, ಮೇಲಿನ ತಂತಿಗಳಲ್ಲಿ ತಂತಿ ಜಗ್ಗಿ ಜಾಸ್ತಿ ಬೆಂಡ್ ಮಾಡುವವನಾದರೆ 25.5 ಸಾಕು, ಕೈಗೂ ಪರಿಚಯದ್ದು. ಎ ಗೆ ಇಳಿಸುವುದು ಗ್ಯಾರಂಟಿ ಅಂದರೆ 26.5. ಓರೆ ಫ್ರೆಟ್ ಇರುವ ಆ ಮೂರನೆಯದರಲ್ಲಿ ದಪ್ಪ ತಂತಿಯ ಕಡೆ 27, ತೆಳು ತಂತಿಯ ಕಡೆ 25.5 ಇದೆ ಅಂತ ಬರೆದಿದ್ದೀಯ. ಬುದ್ಧಿವಂತಿಕೆಯ ಏರ್ಪಾಡೇ ಅದು. ಆದರೆ ನೀನು ಈಗ ತಾನೇ ಏಳನೇ ತಂತಿಗೆ ಹೋಗುತ್ತಿದ್ದೀಯ. ನಟ್ ಹತ್ತಿರ ಕತ್ತಿನ ಅಗಲ ಆರು ತಂತಿಯದರಲ್ಲಿ 42, 43 ಮಿಲಿಮೀಟರ್ ಇದ್ದರೆ ಇದರಲ್ಲಿ 48ರ ಆಸುಪಾಸು. ಹೆಬ್ಬೆರಳನ್ನು ಮೇಲಿಂದ ಸುತ್ತಿ ಹಿಡಿಯುವ ನಿನ್ನ ಅಭ್ಯಾಸವನ್ನು ಮೊದಲು ಬಿಡಬೇಕು. ಜೊತೆಗೆ ಓರೆ ಫ್ರೆಟ್ಟೂ ಸೇರಿದರೆ ಕೈಗೆ ಒಂದೇ ಸಲಕ್ಕೆ ಎರಡು ಹೊಸ ಪಾಠ. ಆಗುವುದಿಲ್ಲ ಅಂತಲ್ಲ, ಅವಸರ ಯಾಕೆ?

ಪಿಕಪ್ ಬಗ್ಗೆ ನಿನಗಿರುವಷ್ಟು ತಲೆಬಿಸಿ ನನಗಿಲ್ಲ. ಆಕ್ಟಿವ್ ಆದರೆ 9 ವೋಲ್ಟ್ ಬ್ಯಾಟರಿ ಬೇಕು, ಕೇಬಲ್ ಸಿಕ್ಕಿಸಿಯೇ ಬಿಟ್ಟರೆ ಅದು ಸುಮ್ನೆ ಖಾಲಿಯಾಗುತ್ತದೆ. ಬೇಡದ ಗುಂಯ್ ಸದ್ದು ಕಡಿಮೆ, ನಾದದ ಬಿಗಿ ಜಾಸ್ತಿ. ಪ್ಯಾಸಿವ್ ಆದರೆ ಬ್ಯಾಟರಿ ಗೋಳಿಲ್ಲ, ಮುಂದೆ ಬೇಕಾದಾಗ ಬದಲಾಯಿಸಲೂಬಹುದು. ಬ್ರಿಡ್ಜ್ ಹಾಗಲ್ಲ, ಅದನ್ನು ಬದಲಾಯಿಸುವುದು ಅಂದರೆ ಮರವನ್ನೇ ಕೊರೆಯುವ ಕೆಲಸ. ಸ್ಕೇಲ್ ಅಂತೂ ಬದಲಾಯಿಸುವ ಹಾಗೇ ಇಲ್ಲ. ಅದಕ್ಕೇ ಆ ಎರಡರ ಬಗ್ಗೆ ಇಷ್ಟುದ್ದ ಬರೆದದ್ದು.

ಅಂಗಡಿಗೆ ಹೋದಾಗ ಹೀಗೆ ಮಾಡು. ನಿನ್ನ ಟ್ಯೂನರ್ ನೀನೇ ತಗೊಂಡು ಹೋಗು. ಏಳನೇ ತಂತಿಯನ್ನು ತೆರೆದು ಬಾರಿಸಿ ಶ್ರುತಿ ಮಾಡು, ಆಮೇಲೆ 12ನೇ ಫ್ರೆಟ್ ಒತ್ತಿ ಬಾರಿಸು, ಮುಳ್ಳು ಅಲ್ಲೇ ನಿಲ್ಲಬೇಕು. ನಿಲ್ಲದೆ ಮೇಲೆ ಹೋದರೆ ಆ ತಂತಿಯ ಸ್ಯಾಡಲ್ ಎಲ್ಲಿದೆ ಬಗ್ಗಿ ನೋಡು. ಹಿಂದೆ ಸರಿಯಲು ಜಾಗ ಇದ್ದರೆ ಅದು ಸೆಟಪ್‌ನಲ್ಲಿ, ಅಂದರೆ ತಿಳಿದವರು ಗಿಟಾರ್ ಹೊಂದಿಸಿಕೊಡುವಾಗ, ಸರಿಹೋಗುವ ವಿಷಯ. ಸ್ಕ್ರೂ ಕೊನೆ ಮುಟ್ಟಿದ್ದರೆ ಆ ಪೀಸ್ ಬಿಟ್ಟುಬಿಡು. ಇನ್ನೊಂದು, ಕತ್ತಿನ ಅಂಚಿನ ಮೇಲೆ ಉದ್ದಕ್ಕೂ ಬೆರಳು ಆಡಿಸು. ಫ್ರೆಟ್ ತುದಿಗಳು ಚುಚ್ಚಿದರೆ ಮರ ಒಣಗಿದೆ ಅಂತ ಅರ್ಥ. ಉಡುಪಿ ಮಂಗಳೂರಿನ ಕಡೆ ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೆಂಗಳೂರಿನ ಫೆಬ್ರವರಿ ಮಾರ್ಚ್‌ನಲ್ಲಿ ಒಣಗಿ ಕುಗ್ಗುತ್ತದೆ. ನೀನು ಹಾಸ್ಟೆಲ್ಲಿಗೂ ಮನೆಗೂ ಓಡಾಡಿಸುವವನು, ಕತ್ತು ಬಾಗುವುದು ಇದ್ದೇ ಇರುತ್ತದೆ. ಕತ್ತನ್ನು ನೆಟ್ಟಗಿಡುವ ಒಳಗಿನ ಟ್ರಸ್ ರಾಡ್ ಸರಿಯಾಗಿ ತಿರುಗುತ್ತದಾ ಅಂತ ಅಂಗಡಿಯವನ ಕೈಯಲ್ಲೇ ತಿರುಗಿಸಿ ತೋರಿಸಲು ಹೇಳು. ನಿಂತುಕೊಂಡು, ಬೆಲ್ಟ್ ಹಾಕಿಕೊಂಡು ಬಾರಿಸಿ ನೋಡು. ಕೂತು ಬಾರಿಸಿದಾಗ ಎಲ್ಲ ಗಿಟಾರೂ ಚೆನ್ನಾಗೇ ಇರುತ್ತದೆ.

ಆನ್‌ಲೈನ್‌ನಲ್ಲಿ ಸಾವಿರ ಎರಡು ಸಾವಿರ ಕಡಿಮೆ ಸಿಗುತ್ತದೆ ಅನ್ನುತ್ತೀಯ. ಇರಬಹುದು. ಆದರೆ ಮೇಲೆ ಹೇಳಿದ್ದು ಯಾವುದನ್ನೂ ಫೋಟೊ ನೋಡಿ ತಿಳಿಯಲಾಗುವುದಿಲ್ಲ. ಆ ಉಳಿತಾಯ ಒಂದು ಸೆಟಪ್‌ಗೆ ಹೋಗಿಬಿಡುತ್ತದೆ.

ನಿಮ್ಮ ಬೇಸ್ ಬಾರಿಸುವ ಹುಡುಗನ ಹತ್ತಿರಾನೂ ಒಂದು ಮಾತು ಆಡು. ಅವನದು ನಾಲ್ಕು ತಂತಿಯ ಬೇಸ್ ಅಲ್ವಾ? ಅದರ ಕೆಳಗಿನ ತಂತಿ ಇ, 41 ಹರ್ಟ್ಸ್. ನೀನು 55 ಕ್ಕೆ ಇಳಿದರೆ ಅವನಿಗೂ ನಿನಗೂ ಮಧ್ಯೆ ಜಾಗವೇ ಉಳಿಯುವುದಿಲ್ಲ, ಇಬ್ಬರೂ ಸೇರಿ ಒಂದೇ ಗುಂಯ್ ಆಗುತ್ತದೆ. ಅವನು ಐದು ತಂತಿಗೆ ಹೋಗಬೇಕು, ಇಲ್ಲ ದಪ್ಪ ಸೆಟ್ ಹಾಕಿ ಇಳಿಸಬೇಕು. ನೀನೂ ಆಂಪ್‌ನಲ್ಲಿ ಬೇಸ್ ಜಾಸ್ತಿ ಮಾಡುವ ಬದಲು ಕಡಿಮೆ ಮಾಡು, ಸದ್ದನ್ನು ಒರಟಾಗಿಸುವ ಗೇನ್ ಕೂಡ. ಹೆವಿ ಬ್ಯಾಂಡಿನವರು ಆಂಪ್ ಮುಂದೆ ಟ್ಯೂಬ್ ಸ್ಕ್ರೀಮರ್ ಅನ್ನುವ ಪೆಡಲ್ ಇಟ್ಟು, ಅದರ ಡ್ರೈವ್ ಸೊನ್ನೆ ಮಾಡಿ ಲೆವೆಲ್ ಮಾತ್ರ ಏರಿಸುತ್ತಾರೆ. ಅದು ಕೆಳಗಿನ ಗುಂಯ್ ಅನ್ನೋದನ್ನ ಕತ್ತರಿಸುತ್ತದೆ, ರಿಫ್ ಬಿಡಿಬಿಡಿಯಾಗಿ ಕೇಳಿಸುತ್ತದೆ. ನನ್ನ ಹತ್ತಿರ ಒಂದಿದೆ, ಬಂದಾಗ ತಗೊಂಡು ಹೋಗು. ವಾಪಸ್ ಕೊಡಬೇಕು.

ಹಾಗಾದರೆ ನನ್ನ ಲೆಕ್ಕ ಇಷ್ಟು. ನಿನ್ನ ಎರಡನೇ ಫೋಟೊದಲ್ಲಿರುವ ಕಪ್ಪು ಬಣ್ಣದ್ದು, 26.5, ಫಿಕ್ಸೆಡ್ ಬ್ರಿಡ್ಜ್, ಪ್ಯಾಸಿವ್ ಪಿಕಪ್. ನೇರಳೆಯದು ಚೆಂದ ಇದೆ, ಒಪ್ಪುತ್ತೇನೆ, ಆದರೆ ನಿನಗೆ ಬೇಡದ ಟ್ರೆಮೊಲೊ ಅದರಲ್ಲಿದೆ. ಮಿಕ್ಕ ದುಡ್ಡಿನಲ್ಲಿ ಎರಡು ಸೆಟ್ ತಂತಿ, ಒಂದು ಸೆಟಪ್, ಉದ್ದನೆಯ ಕತ್ತು ಹಿಡಿಸುವ ಗಟ್ಟಿ ಬ್ಯಾಗ್. ಬ್ಯಾಗನ್ನು ಗಿಟಾರ್ ಇಟ್ಟೇ ನೋಡಿ ತಗೋ, ಆರು ತಂತಿಯದಕ್ಕೆ ಹೊಲಿದ ಬ್ಯಾಗಿನಲ್ಲಿ ಜಿಪ್ ಮುಚ್ಚದೇ ಹೋಗಬಹುದು.

ನಿಮ್ಮಪ್ಪನ ಹತ್ತಿರ ದುಡ್ಡಿನ ಮಾತು ನಾನು ಆಡುತ್ತೇನೆ. ಆದರೆ ಹಳೆಯದನ್ನು ಮಾರುವ ಯೋಚನೆ ಬಿಡು. ಅದನ್ನು ಮಾಮೂಲಿ ಇ ಶ್ರುತಿಗೆ ವಾಪಸ್ ಏರಿಸಿ ಇಟ್ಟುಕೋ, ತೆಳು ತಂತಿ ಹಾಕಿಸು. ಶನಿವಾರ ಅಂಗಡಿಗೆ ಹೋಗುವುದಾದರೆ ಹಿಂದಿನ ದಿನ ಫೋನ್ ಮಾಡು, ನಾನೂ ಬರುತ್ತೇನೆ. ಆ ಕಪ್ಪು ಪೀಸ್ ಸ್ಟಾಕ್ ಇದೆಯಾ ಅಂತ ಮೊದಲೇ ಕೇಳಿಟ್ಟಿರು.

ನಿನ್ನ ಸೋದರಮಾವ