ಪ್ರಿಪೊಸಿಷನ್ ಪಟ್ಟಿ ಬೇಡ, ಕ್ರಿಯಾಪದದ ಜೊತೆಗೇ ಕಲಿಸಿ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ವಿದ್ಯಾರ್ಥಿ ಪುರವಣಿಯಲ್ಲಿ ಬರುತ್ತಿರುವ ಇಂಗ್ಲಿಷ್ ವ್ಯಾಕರಣದ ಅಂಕಣವನ್ನು ಮೊಮ್ಮಗಳ ಜೊತೆ ಕೂತು ಓದುತ್ತಿದ್ದೇನೆ. ಒಂದು ವಾರ ಸರ್ವನಾಮಗಳ ಪಟ್ಟಿ ಬಂತು. ಇನ್ನೊಂದು ವಾರ ಕ್ರಿಯಾಪದದ ಮೂರು ರೂಪಗಳು. ಆಮೇಲೆ ಪ್ರಿಪೊಸಿಷನ್‌ಗಳು: ಇನ್ ಅಂದರೆ ಒಳಗೆ, ಆನ್ ಅಂದರೆ ಮೇಲೆ, ವಿತ್ ಅಂದರೆ ಜೊತೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸರಿಯೇ. ಆದರೆ ಈ ಮೂರೂ ಒಂದು ವಾಕ್ಯದಲ್ಲಿ ಸೇರಿದಾಗ ಯಾವುದು ಯಾವುದರ ಮಾತು ಕೇಳುತ್ತದೆ ಎಂಬುದು ಅಂಕಣದಲ್ಲಿ ಬಂದೇ ಇಲ್ಲ. ಮಕ್ಕಳು ಎಡವುವುದು ಅಲ್ಲೇ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಇಂಗ್ಲಿಷ್ ನನ್ನ ವಿಷಯವಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ವಿಭಕ್ತಿ ಪ್ರತ್ಯಯಗಳನ್ನು ಕಲಿಸಿದವರಿಗೆಲ್ಲ ಈ ತೊಡಕು ಚಿರಪರಿಚಿತ, ಅದನ್ನು ಬಿಡಿಸುವ ದಾರಿಯೂ ಗೊತ್ತು.

ಮೊಮ್ಮಗಳು ‘ಐ ಆಮ್ ಆಂಗ್ರಿ ಆನ್ ಹಿಮ್’ ಎಂದು ಬರೆದಿದ್ದಳು. ಅಂಕಣದ ಪಟ್ಟಿಯ ಪ್ರಕಾರ ಅವಳು ಬರೆದದ್ದರಲ್ಲಿ ತಪ್ಪಿಲ್ಲ. ನಮಗೆ ಸಿಟ್ಟು ಬರುವುದು ಅವನ ಮೇಲೆ, ಮೇಲೆ ಅಂದರೆ ಆನ್. ಇಂಗ್ಲಿಷಿನಲ್ಲಿ ಅದು ‘ಆಂಗ್ರಿ ವಿತ್ ಹಿಮ್’ ಆಗಬೇಕು ಎಂದಾಗ ಅವಳು ಕೇಳಿದ್ದು, ‘ಅಜ್ಜಿ, ಅವನ ಜೊತೆ ಸೇರಿಕೊಂಡು ಸಿಟ್ಟಾಗುವುದಾ?’ ಪ್ರಶ್ನೆ ನ್ಯಾಯವಾದದ್ದು. ಪಟ್ಟಿಯಲ್ಲಿ ಅದಕ್ಕೆ ಉತ್ತರವಿಲ್ಲ.

ಉತ್ತರ ಇರುವುದು ಕನ್ನಡದಲ್ಲಿ. ನಾವು ಹುಲಿಯನ್ನು ನೋಡುತ್ತೇವೆ, ಹುಲಿಗೆ ಹೆದರುತ್ತೇವೆ, ಹುಲಿಯಿಂದ ತಪ್ಪಿಸಿಕೊಳ್ಳುತ್ತೇವೆ. ಹುಲಿ ಅದೇ ಹುಲಿ. ‘ಅನ್ನು’ ಬೇಕೋ, ‘ಗೆ’ ಬೇಕೋ, ‘ಇಂದ’ ಬೇಕೋ ಎಂದು ತೀರ್ಮಾನಿಸುವುದು ಕ್ರಿಯಾಪದ. ‘ಹುಲಿಯನ್ನು ಹೆದರಿದೆ’ ಎಂದು ಕನ್ನಡದ ಮಗು ಹೇಳುವುದಿಲ್ಲ. ಅದಕ್ಕೆ ಯಾರೂ ಕಾರಣ ವಿವರಿಸಿಲ್ಲ, ಅದು ಕೇಳಿಯೂ ಇಲ್ಲ. ಸಂಸ್ಕೃತದಲ್ಲಿ ಹೆದರಿಕೆಗೆ ಪಂಚಮಿ: ‘ವ್ಯಾಘ್ರಾತ್ ಬಿಭೇತಿ’. ಇಂಗ್ಲಿಷಿನಲ್ಲಿ ‘ಅಫ್ರೇಡ್ ಆಫ್’. ಹೆದರಿಕೆ ಒಂದೇ ಆದರೂ ಭಾಷೆಗೊಂದು ಸಂಬಂಧ. ‘ಅನ್ನು’ ಎಂಬುದಕ್ಕೆ ಅರ್ಥವೇನು ಎಂದು ನಾವು ಮಕ್ಕಳಿಗೆ ಕಂಠಪಾಠ ಮಾಡಿಸುವುದಿಲ್ಲ. ಹಾಗಿರುವಾಗ ‘ಆನ್’ ಎಂಬುದಕ್ಕೆ ಮಾತ್ರ ಏಕೆ ಮಾಡಿಸಬೇಕು? ವಾಕ್ಯದಲ್ಲಿ ಅದು ಮಾಡುವ ಕೆಲಸ ಬಹುಮಟ್ಟಿಗೆ ವಿಭಕ್ತಿಯದೇ.

ಇದು ನನ್ನ ಕಲ್ಪನೆಯೂ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ ನಮ್ಮಲ್ಲಿರುವ ಹಾಗೆಯೇ ವಿಭಕ್ತಿ ಪ್ರತ್ಯಯಗಳಿದ್ದವು. ಶತಮಾನಗಳು ಉರುಳಿದಂತೆ ಅವು ಸವೆದುಹೋಗಿ, ಆ ಕೆಲಸ ಪ್ರಿಪೊಸಿಷನ್‌ಗಳಿಗೂ ಪದಗಳು ನಿಲ್ಲುವ ಕ್ರಮಕ್ಕೂ ಬಂತು. ಸವೆಯದೆ ಉಳಿದುಕೊಂಡದ್ದು ಸರ್ವನಾಮಗಳಲ್ಲಿ: ಐ-ಮಿ, ಹಿ-ಹಿಮ್, ಶಿ-ಹರ್, ದೇ-ದೆಮ್. ‘ಹಿಮ್’ ಮೊದಲಿಗೆ ಚತುರ್ಥಿಯ ರೂಪ, ಅಂದರೆ ‘ಅವನಿಗೆ’. ‘ಅವನನ್ನು’ ಎನ್ನಲು ‘ಹಿನೆ’ ಎಂಬ ಬೇರೆ ರೂಪವಿತ್ತು. ಅದು ಬಳಕೆ ತಪ್ಪಿ, ಎರಡು ಕೆಲಸವೂ ‘ಹಿಮ್’ ಹೆಗಲಿಗೆ ಬಿತ್ತು. ಇದನ್ನು ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ‘ಗಿವ್ ಹಿಮ್ ದ ಬುಕ್’ ಎನ್ನುವಾಗ ನಡುವೆ ‘ಟು’ ಏಕೆ ಬೇಡ ಎಂದು ಮಕ್ಕಳು ಕೇಳುತ್ತಾರಲ್ಲ, ಆ ‘ಗೆ’ ಒಂದು ಕಾಲಕ್ಕೆ ‘ಹಿಮ್’ ಒಳಗೇ ಇತ್ತು.

ಪ್ರಿಪೊಸಿಷನ್ ಆದಮೇಲೆ ಬರುವ ಸರ್ವನಾಮ ಯಾವಾಗಲೂ ಮಿ, ಹಿಮ್, ಹರ್, ದೆಮ್ ರೂಪದಲ್ಲೇ ಇರಬೇಕೆಂಬ ನಿಯಮವೂ ಹೀಗೆ ಹೇಳಿದರೆ ತಲೆಗೆ ಹತ್ತುತ್ತದೆ. ಓದಿದವರೂ ‘ಬಿಟ್ವೀನ್ ಯು ಅಂಡ್ ಐ’ ಎನ್ನುವುದುಂಟು. ‘ಅಂಡ್’ ಅಡ್ಡ ಬಂದ ಮಾತ್ರಕ್ಕೆ ವಿಭಕ್ತಿ ಬದಲಾಗದು. ಅದು ‘ಬಿಟ್ವೀನ್ ಯು ಅಂಡ್ ಮಿ’ಯೇ.

ಹೆಚ್ಚು ಪೆಟ್ಟು ಬೀಳುವುದು ನಮ್ಮ ಚತುರ್ಥಿಯಿಂದ. ನನಗೆ ಕೊಡು, ನನಗೆ ಹೇಳು, ನನಗೆ ವಿವರಿಸು: ಕನ್ನಡದಲ್ಲಿ ಮೂರಕ್ಕೂ ಒಂದೇ ‘ಗೆ’. ಇಂಗ್ಲಿಷಿನಲ್ಲಿ ಇವು ಬೇರೆ ಬೇರೆ ಮನೆಯವು. ‘ಗಿವ್ ಮಿ ದ ಬುಕ್’ ಸರಿ, ‘ಗಿವ್ ದ ಬುಕ್ ಟು ಮಿ’ ಕೂಡ ಸರಿ. ‘ಟೆಲ್’ ಬಂದರೆ ‘ಹಿ ಟೋಲ್ಡ್ ಮಿ’. ‘ಸೇ’ ಬಂದರೆ ‘ಹಿ ಸೆಡ್ ಟು ಮಿ’. ‘ಎಕ್ಸ್‌ಪ್ಲೇನ್’ ಬಂದರೆ ‘ಎಕ್ಸ್‌ಪ್ಲೇನ್ ಇಟ್ ಟು ಮಿ’, ಅಲ್ಲಿ ‘ಟು’ ಬಿಡುವ ಹಾಗಿಲ್ಲ. ‘ಸಜೆಸ್ಟ್’, ‘ಡಿಸ್ಕ್ರೈಬ್’ ಕೂಡ ಇದೇ ಗುಂಪು. ‘ಎಕ್ಸ್‌ಪ್ಲೇನ್ ಮಿ’, ‘ಹಿ ಟೋಲ್ಡ್ ಟು ಮಿ’ ಎಂದು ಬರೆಯುವ ಮಗುವಿಗೆ ‘ಟು’ ಎಂಬುದರ ಅರ್ಥ ಚೆನ್ನಾಗಿಯೇ ಗೊತ್ತು. ಅದಕ್ಕೆ ಗೊತ್ತಿಲ್ಲದ್ದು ‘ಎಕ್ಸ್‌ಪ್ಲೇನ್’ ಮತ್ತು ‘ಟೆಲ್’ ಎಂಬ ಕ್ರಿಯಾಪದಗಳ ಸ್ವಭಾವ.

ಸರ್ವನಾಮ ನಿಲ್ಲುವ ಜಾಗದಲ್ಲೂ ಒಂದು ಸೂಕ್ಷ್ಮವಿದೆ. ‘ಟರ್ನ್ ಆಫ್ ದ ಲೈಟ್’ ಎನ್ನಬಹುದು, ‘ಟರ್ನ್ ದ ಲೈಟ್ ಆಫ್’ ಎಂದೂ ಎನ್ನಬಹುದು. ಲೈಟ್ ಬದಲು ‘ಇಟ್’ ಬಂತೋ, ‘ಟರ್ನ್ ಇಟ್ ಆಫ್’ ಒಂದೇ ದಾರಿ. ಆದರೆ ‘ಲುಕ್ ಆಫ್ಟರ್’ ಬಂದರೆ ‘ಲುಕ್ ಆಫ್ಟರ್ ಇಟ್’ ಎಂದೇ ಆಗಬೇಕು, ನಡುವೆ ನುಗ್ಗುವಂತಿಲ್ಲ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಮೊದಲನೆಯದರಲ್ಲಿ ‘ಆಫ್’ ಕ್ರಿಯಾಪದದ ತುಂಡು, ಎರಡನೆಯದರಲ್ಲಿ ‘ಆಫ್ಟರ್’ ನಿಜವಾದ ಪ್ರಿಪೊಸಿಷನ್. ಇದನ್ನು ಪರೀಕ್ಷಿಸಲು ನಾಮಪದ ಸಾಲದು, ಸರ್ವನಾಮವನ್ನೇ ಇಟ್ಟು ನೋಡಬೇಕು. ಪಾಠದ ಉದಾಹರಣೆಗಳಲ್ಲಿ ಸರ್ವನಾಮ ಇರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ನನಗೆ ಬಹಳ ಇಷ್ಟವಾದ ರಚನೆಯೊಂದನ್ನು ಹೇಳದಿರಲಾರೆ. ‘ಶಿ ಟುಕ್ ಮಿ ಬೈ ದ ಹ್ಯಾಂಡ್’. ನಾವು ‘ಅವಳು ನನ್ನ ಕೈ ಹಿಡಿದಳು’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಅವಳು ಹಿಡಿದದ್ದು ಮೊದಲು ನನ್ನನ್ನು. ಎಲ್ಲಿ ಹಿಡಿದಳು ಎಂಬುದು ಆಮೇಲೆ ಬರುತ್ತದೆ, ಅದೂ ‘ಮೈ ಹ್ಯಾಂಡ್’ ಎನ್ನದೆ ‘ದ ಹ್ಯಾಂಡ್’ ಎಂದು. ‘ಹಿಟ್ ಹಿಮ್ ಆನ್ ದ ಹೆಡ್’, ‘ಲುಕ್ ಮಿ ಇನ್ ದ ಐ’ ಕೂಡ ಹೀಗೆಯೇ. ‘ರಾಬ್ಡ್ ಹಿಮ್ ಆಫ್ ಹಿಸ್ ಮನಿ’ ಇನ್ನೊಂದು. ‘ಸ್ಟೀಲ್’ ಎಂದರೆ ಕದ್ದದ್ದು ಹಣವನ್ನು, ‘ಫ್ರಮ್ ಹಿಮ್’. ‘ರಾಬ್’ ಎಂದರೆ ಪೆಟ್ಟು ತಿಂದವನು ಅವನು, ‘ಆಫ್ ಹಿಸ್ ಮನಿ’. ಸಂಬಂಧ ಹೇಳುವ ‘ಆಫ್’ (of) ಮತ್ತು ದೂರ ಹೇಳುವ ‘ಆಫ್’ (off) ಹಳೆಯ ಇಂಗ್ಲಿಷಿನಲ್ಲಿ ಒಂದೇ ಪದವಾಗಿದ್ದವು, ಬೇರ್ಪಡುವಿಕೆಯೇ ಅದರ ಅರ್ಥ. ನಮ್ಮ ವ್ಯಾಕರಣದಲ್ಲಿ ಅದಕ್ಕೆ ಅಪಾದಾನ ಎಂಬ ಹೆಸರು ಆಗಲೇ ಇದೆ. ಕನ್ನಡ ಮೇಷ್ಟ್ರೂ ಇಂಗ್ಲಿಷ್ ಮೇಷ್ಟ್ರೂ ಒಂದು ದಿನ ಒಟ್ಟಿಗೆ ಕೂತು ಪಾಠ ಮಾಡಿದರೆ ಮಕ್ಕಳಿಗೆ ಎಷ್ಟು ಉಪಕಾರವಾದೀತು!

ಕ್ರಿಯಾಪದವನ್ನು ಅದರ ವಾಕ್ಯರಚನೆಯ ಸಮೇತ ಕಲಿಸುವ ಕ್ರಮ ಹೊಸದೇನಲ್ಲ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಇಬ್ಬರು ಸಂಗಡಿಗರೊಡನೆ ಸಿದ್ಧಪಡಿಸಿ 1942ರಲ್ಲಿ ಟೋಕಿಯೊದಿಂದ ಹೊರಬಂದ ನಿಘಂಟಿನಲ್ಲಿ, ಕ್ರಿಯಾಪದ ಯಾವ ರಚನೆಯಲ್ಲಿ ಬರುತ್ತದೆ ಎಂಬುದನ್ನೂ ಗುರುತು ಹಾಕಿ ತೋರಿಸಿದ್ದರು. ಇಂಗ್ಲಿಷ್ ತಾಯ್ನುಡಿಯಲ್ಲದವರಿಗೆ ಬರಿಯ ಅರ್ಥ ಸಾಲದು ಎಂದು ತರಗತಿಯಲ್ಲಿ ನಿಂತು ಕಂಡವರು ಅವರು. ಇಂದು ಕಲಿಯುವವರಿಗಾಗಿ ಬರುವ ಒಳ್ಳೆಯ ನಿಘಂಟುಗಳಲ್ಲಿ ಈ ಮಾಹಿತಿ ಇದ್ದೇ ಇರುತ್ತದೆ. ಅದನ್ನು ಓದುವುದು ಹೇಗೆ ಎಂದು ಹೇಳಿಕೊಡುವವರು ಬೇಕು.

ಅಂಕಣಕಾರರಲ್ಲಿ ನನ್ನ ಕೋರಿಕೆ ಇಷ್ಟೇ. ‘ವೇಟ್ ಅಂದರೆ ಕಾಯು’ ಎಂದು ಅಚ್ಚು ಹಾಕುವ ಕಡೆ ‘ವೇಟ್ ಫಾರ್ ಹಿಮ್’ ಎಂದು ಹಾಕಿ. ‘ಲಿಸನ್ ಟು ಹಿಮ್’, ‘ಲಾಫ್ ಅಟ್ ಹಿಮ್’, ‘ಡಿಪೆಂಡ್ ಆನ್ ಹಿಮ್’, ಮತ್ತೆ ಏನೂ ಬೇಡದ ‘ಬಿಲೀವ್ ಹಿಮ್’, ‘ಮ್ಯಾರಿ ಹಿಮ್’. ಪಕ್ಕದಲ್ಲೇ ಕನ್ನಡದ ವಾಕ್ಯವೂ ಇರಲಿ: ಅವನನ್ನು ನಂಬು, ಅವನ ಮಾತು ಕೇಳು, ಅವನನ್ನು ಮದುವೆಯಾಗು. ಎಲ್ಲಿ ಎರಡು ಭಾಷೆ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಮಗುವೇ ಕಂಡುಕೊಳ್ಳುತ್ತದೆ. ಮೊದಲ ಕಂತಿಗೆ ಟೆಲ್, ಸೇ, ಎಕ್ಸ್‌ಪ್ಲೇನ್ ಮೂರನ್ನೇ ತೆಗೆದುಕೊಂಡರೆ ಸಾಕು. ಶಾಲೆಯ ಬರವಣಿಗೆಯಲ್ಲಿ ದಿನಾ ಬೇಕಾಗುವವು ಅವು.

ಇಂತು,
ನಿವೃತ್ತ ಕನ್ನಡ ಶಿಕ್ಷಕಿ